ಎದೆ ತೆರೆಯಬೇಕೋ, ಬೇಡವೋ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ರೋಗದ ಬಗ್ಗೆ ಇವೆ. ಅನ್ನನಾಳದ ಕ್ಯಾನ್ಸರ್. ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಹುಟ್ಟಿದ್ದು ನಿಪ್ಪಾಣಿಯಲ್ಲಿ. ತಂಬಾಕಿನ ವಖಾರಿಯ ಘಾಟು ಮೂಗಿಗೆ ಹತ್ತದ ದಿನ ನನ್ನ ಬಾಲ್ಯದಲ್ಲಿ ಇರಲಿಲ್ಲ. ಆಮೇಲೆ ಬೆಳಗಾವಿಯಲ್ಲಿ ಮೂವತ್ತು ವರ್ಷ ಸರ್ಜನ್ ಆಗಿ ದುಡಿದೆ. "ಡಾಕ್ಟ್ರ, ರೊಟ್ಟಿ ಇಳೀವಲ್ದು" ಎಂದು ಬಾಗಿಲಲ್ಲೇ ಹೇಳಿಕೊಂಡು ಒಳಗೆ ಬರುವವರು ವಾರಕ್ಕೊಬ್ಬರಾದರೂ ಇರುತ್ತಿದ್ದರು. ಈಗ ನಿವೃತ್ತಿ. ಟಿಳಕವಾಡಿಯ ಮನೆಯಲ್ಲಿ ಕೂತು ನಿಮ್ಮ ಪತ್ರ ಓದುವುದಷ್ಟೇ ಕೆಲಸ. ಈ ತಿಂಗಳ ಜಾಗವನ್ನೆಲ್ಲ ಈ ನಾಲ್ಕು ಪತ್ರಗಳಿಗೇ ಕೊಡುತ್ತೇನೆ. ಮಂಡಿನೋವಿನವರು ದಯವಿಟ್ಟು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಕಬ್ಬಿನ ಹೊಲ ಇದೆ. ನಾಲ್ಕು ತಿಂಗಳ ಹಿಂದೆ ರೊಟ್ಟಿ ಎದೆಯಲ್ಲಿ ಸಿಕ್ಕಿದಂತೆ ಆಗತೊಡಗಿತು. ಬಾಯಿಯಿಂದ ದುರ್ಬೀನ್ ಹಾಕಿ (ಎಂಡೋಸ್ಕೋಪಿ) ನೋಡಿದಾಗ 31ರಿಂದ 35 ಸೆಂ.ಮೀ. ವರೆಗೆ ಗಡ್ಡೆ ಇದೆ ಎಂದರು. ರಿಪೋರ್ಟಿನಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂದಿದೆ. ಐದು ವಾರ ಕರೆಂಟ್ (ರೇಡಿಯೇಷನ್) ಕೊಟ್ಟು, ಜೊತೆಗೆ ಕಿಮೋ ಕೊಟ್ಟು ಮುಗಿದಿದೆ. ಈಗ ಆಪರೇಷನ್. ಒಬ್ಬ ಡಾಕ್ಟರ್ ಹೊಟ್ಟೆ ಮತ್ತು ಬಲಗಡೆ ಎದೆ ತೆರೆಯಬೇಕು ಎನ್ನುತ್ತಾರೆ. ಇನ್ನೊಬ್ಬರು ಸಣ್ಣ ತೂತುಗಳಿಂದ ದುರ್ಬೀನಿನಲ್ಲಿ ಮಾಡಿ ಕುತ್ತಿಗೆಯಲ್ಲಿ ಜೋಡಿಸುತ್ತೇವೆ ಎನ್ನುತ್ತಾರೆ. ನಮ್ಮ ಸೋದರಮಾವ, ಎದೆ ಮುಟ್ಟದೇ ಮಾಡುವ ಡಾಕ್ಟರೂ ಇದ್ದಾರೆ, ಅಲ್ಲೇ ಹೋಗೋಣ ಎಂದು ಹಟ ಹಿಡಿದಿದ್ದಾರೆ. ತಂದೆ 40 ವರ್ಷ ಬೀಡಿ ಸೇದಿದವರು. ಯಾವುದು ಒಳ್ಳೆಯದು?
(ಓದುಗರು, ಜಮಖಂಡಿ ತಾಲ್ಲೂಕು)

ಉತ್ತರ: ತಮ್ಮಾ, ಮೂವರೂ ಹೇಳಿದ್ದು ಒಂದೇ ಕೆಲಸದ ಮೂರು ದಾರಿ. ಕೆಟ್ಟ ಅನ್ನನಾಳವನ್ನು ಅದರ ಸುತ್ತಲಿನ ಗ್ರಂಥಿಗಳ (ಲಿಂಫ್ ನೋಡ್) ಸಮೇತ ತೆಗೆಯುವುದು. ಜಠರವನ್ನು ಉದ್ದಕ್ಕೆ ಕತ್ತರಿಸಿ, ಹೊಲಿದು, ಕೊಳವೆಯಂತೆ ಮಾಡುವುದು. ಆ ಕೊಳವೆಯನ್ನು ಮೇಲಕ್ಕೆಳೆದು ಉಳಿದ ಅನ್ನನಾಳಕ್ಕೆ ಜೋಡಿಸುವುದು. ಎಲ್ಲಿಂದ ಒಳಗೆ ಹೋಗುತ್ತಾರೆ, ಎಲ್ಲಿ ಜೋಡಿಸುತ್ತಾರೆ ಎನ್ನುವುದರಲ್ಲಷ್ಟೇ ಭೇದ.

ಮೊದಲು ಆ 31, 35 ಎಂದರೆ ಏನು ಅಂತ ತಿಳಿಯಿರಿ. ಅದು ಮುಂದಿನ ಹಲ್ಲಿನಿಂದ ಅಳೆದ ದೂರ. ಅನ್ನನಾಳ ಸುಮಾರು 15 ಸೆಂ.ಮೀ.ಗೆ ಶುರುವಾಗಿ 40ರ ಹತ್ತಿರ ಜಠರಕ್ಕೆ ಸೇರುತ್ತದೆ. ನಿಮ್ಮ ತಂದೆಯ ಗಡ್ಡೆ ಕೆಳಭಾಗದಲ್ಲಿದೆ. ಈ ಅಂಕಿಯನ್ನು ಮರೆಯಬೇಡಿ. ದಾರಿ ಆರಿಸುವಾಗ ಇದೇ ಮೊದಲು ಬೇಕಾಗುವುದು.

ಬಲಗಡೆಯ ಎದೆಯೇ ಯಾಕೆ? ಎಡಗಡೆ ದೊಡ್ಡ ರಕ್ತನಾಳ ಕಮಾನಿನ ಹಾಗೆ ಬಾಗಿ ಅಡ್ಡ ಕೂತಿರುತ್ತದೆ. ಬಲಗಡೆಯಿಂದ ಹೋದರೆ ಅನ್ನನಾಳ ಉದ್ದಕ್ಕೂ ಕಣ್ಣಿಗೆ ಕಾಣುತ್ತದೆ. ಮೊದಲು ಹೊಟ್ಟೆ, ಆಮೇಲೆ ಬಲ ಎದೆ, ಎದೆಯೊಳಗೇ ಜೋಡಣೆ. ಈ ಕ್ರಮವನ್ನು 1946ರಲ್ಲಿ ತೋರಿಸಿಕೊಟ್ಟವರು ಐವರ್ ಲೂಯಿಸ್ ಎಂಬ ವೇಲ್ಸ್ ದೇಶದ ಸರ್ಜನ್. ಎಳೆಯ ಡಾಕ್ಟರುಗಳು ಇದು ಇಬ್ಬರ ಹೆಸರು ಎಂದುಕೊಂಡು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಒಬ್ಬರೇ ಮನುಷ್ಯ! ಕುತ್ತಿಗೆಯಲ್ಲೂ ಒಂದು ಗಾಯ ಮಾಡಿ ಅಲ್ಲಿ ಜೋಡಿಸುವ ಮೂರು ಹಂತದ ಕ್ರಮವನ್ನು 1976ರಲ್ಲಿ ಬರೆದವರು ಇಂಗ್ಲೆಂಡಿನ ಮೆಕ್‌ಕ್ಯೂನ್. ಎದೆ ತೆರೆಯದೇ, ಕೆಳಗೆ ಹೊಟ್ಟೆಯಿಂದ ಮತ್ತು ಮೇಲೆ ಕುತ್ತಿಗೆಯಿಂದ ಕೈ ಹಾಕಿ ಅನ್ನನಾಳವನ್ನು ಬಿಡಿಸಿ ತೆಗೆಯುವ ದಾರಿಗೆ 1978ರಲ್ಲಿ ಮತ್ತೆ ಜೀವ ಕೊಟ್ಟವರು ಅಮೆರಿಕದ ಮಿಶಿಗನ್‌ನ ಆರಿಂಜರ್. ನಿಮ್ಮ ಸೋದರಮಾವ ಹೇಳುವುದು ಇದನ್ನೇ.

ಸೋದರಮಾವನ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ಹುರುಳಿದೆ. ಎದೆ ತೆರೆದು ಮಾಡುವಾಗ ಬಲ ಶ್ವಾಸಕೋಶವನ್ನು ಮುದುಡಿಸಿ ಇಡಬೇಕು. ಆಮೇಲೆ ಪಕ್ಕೆಲುಬಿನ ನೋವಿಗೆ ರೋಗಿ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ಉಳಿಯುತ್ತದೆ. ಉಳಿದರೆ ನ್ಯುಮೋನಿಯಾ. ಬೀಡಿ ಸೇದಿದವರಿಗೆ ಇದು ಇನ್ನೂ ಜಾಸ್ತಿ. ನೆದರ್ಲೆಂಡ್ಸ್‌ನಲ್ಲಿ 220 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದರು. ಅದು 2002ರಲ್ಲಿ ಪ್ರಕಟವಾಯಿತು. ಎದೆ ತೆರೆದವರಲ್ಲಿ 100ಕ್ಕೆ 57 ಮಂದಿಗೆ ಶ್ವಾಸಕೋಶದ ತೊಂದರೆ ಬಂತು, ತೆರೆಯದವರಲ್ಲಿ 27 ಮಂದಿಗೆ. ಐದು ವರ್ಷದ ನಂತರ ಬದುಕಿದ್ದವರ ಲೆಕ್ಕ ಮಾತ್ರ ಹೆಚ್ಚುಕಡಿಮೆ ಒಂದೇ. 100ಕ್ಕೆ 36 ಮತ್ತು 34.

ಹಾಗಾದರೆ ಎದೆ ಯಾಕೆ ತೆರೆಯಬೇಕು ಎನ್ನುತ್ತೀರಿ, ಅಲ್ವಾ? ಆ ಅಧ್ಯಯನದಲ್ಲಿ ಇದ್ದವರ ರೋಗ ಬೇರೆ ಜಾತಿಯದು, ಅಡಿನೋಕಾರ್ಸಿನೋಮಾ. ನಮ್ಮ ಕಡೆ ಹೆಚ್ಚು ಕಾಣುವ, ನಿಮ್ಮ ತಂದೆಗೆ ಬಂದಿರುವ ಸ್ಕ್ವಾಮಸ್ ಜಾತಿ, ಗ್ರಂಥಿಗಳ ಸಾಲು ಹಿಡಿದು ಎದೆಯ ಮೇಲಿನ ತನಕ, ಕುತ್ತಿಗೆಯ ತನಕ ಹತ್ತುತ್ತದೆ. ಎದೆಯ ಒಳಗೆ ಹೋಗದೇ ಆ ಗ್ರಂಥಿಗಳನ್ನು ಬಿಡಿಸಲಾಗದು. ಆ ಡಚ್ ಅಧ್ಯಯನದಲ್ಲೇ ಎದೆ ತೆರೆದವರಲ್ಲಿ ಸರಾಸರಿ 31 ಗ್ರಂಥಿ ಸಿಕ್ಕರೆ, ಇನ್ನೊಂದು ಗುಂಪಿನಲ್ಲಿ 16 ಸಿಕ್ಕವು. ಇನ್ನೊಂದು ಮಾತು. ಎದೆಯ ನಡುವೆ ಒಂದಷ್ಟು ದೂರ ಸರ್ಜನ್‌ನ ಬೆರಳು ಕುರುಡಾಗಿ ನಡೆಯುತ್ತದೆ. ನಾನೂ ಮಾಡಿದ್ದೇನೆ. ಬೆರಳಿನ ಮೇಲೆಯೇ ಹೃದಯ ಬಡಿಯುತ್ತಿರುತ್ತದೆ. ಆ ಹೊತ್ತಿಗೆ ಅನಸ್ತೇಸಿಯಾದವರು "ಸರ್, ಬಿಪಿ" ಎನ್ನುತ್ತಾರೆ. ಕೈ ಹೊರಗೆ ತೆಗೆದು ಒಂದು ನಿಮಿಷ ಕಾಯಬೇಕು. ಗಡ್ಡೆ ಶ್ವಾಸನಾಳಕ್ಕೆ ಅಂಟಿದ್ದರೆ ಈ ಆಟ ಆಡಲೇಬಾರದು.

ಈಗ ದುರ್ಬೀನಿನ ಮಾತು. ಎದೆಯ ಒಳಗೆ ಹೋಗಬೇಕು, ಪಕ್ಕೆಲುಬು ಹಿಗ್ಗಿಸಬಾರದು ಎಂದರೆ ಇರುವ ಉಪಾಯ ಇದೇ. ಯುರೋಪಿನಲ್ಲಿ 115 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ತೆರೆದು ಮಾಡಿದವರಲ್ಲಿ 100ಕ್ಕೆ 29 ಇದ್ದರೆ ದುರ್ಬೀನಿನಲ್ಲಿ 9. ಹೊಟ್ಟೆ ಮಾತ್ರ ದುರ್ಬೀನಿನಲ್ಲಿ ಮಾಡಿ ಎದೆ ತೆರೆದರೂ ಲಾಭ ಇದೆ. ಫ್ರಾನ್ಸ್‌ನಲ್ಲಿ 207 ಜನರಲ್ಲಿ ನೋಡಿದ್ದಾರೆ. ದೊಡ್ಡ ತೊಂದರೆಗಳು 100ಕ್ಕೆ 64 ಇದ್ದದ್ದು 36ಕ್ಕೆ ಇಳಿದವು. ಹಾಗಾಗಿ ಯಾರಾದರೂ "ಹೊಟ್ಟೆ ದುರ್ಬೀನು, ಎದೆ ಓಪನ್" ಎಂದರೆ ಅರ್ಧಂಬರ್ಧ ಕಲಿತವರು ಎಂದುಕೊಳ್ಳಬೇಡಿ.

ಇನ್ನು ಜೋಡಣೆ ಎಲ್ಲಿ ಎನ್ನುವುದು. ಕುತ್ತಿಗೆಯ ತನಕ ಎಳೆದರೆ ಜಠರದ ತುದಿಗೆ ರಕ್ತ ಕಡಿಮೆ ಬೀಳುತ್ತದೆ. ಹಾಗಾಗಿ ಅಲ್ಲಿ ಹೊಲಿಗೆ ಸೋರುವುದು ಜಾಸ್ತಿ. ಧ್ವನಿಯ ನರವೂ ಅಲ್ಲೇ ಪಕ್ಕದಲ್ಲಿ ಇರುತ್ತದೆ. ದುರ್ಬೀನಿನಲ್ಲೇ ಮಾಡಿದ ಎರಡೂ ಬಗೆಯನ್ನು ಡಚ್ಚರು ಹೋಲಿಸಿದರು. ಫಲಿತಾಂಶ 2021ರಲ್ಲಿ ಬಂತು. ಮತ್ತೆ ಕೈ ಹಾಕಬೇಕಾದಂಥ ಸೋರಿಕೆ ಕುತ್ತಿಗೆಯಲ್ಲಿ ಜೋಡಿಸಿದವರಲ್ಲಿ 100ಕ್ಕೆ 34, ಎದೆಯಲ್ಲಿ ಜೋಡಿಸಿದವರಲ್ಲಿ 12. ಆದರೆ ಎದೆಯಲ್ಲಿ ಸೋರಿದರೆ ಕೀವು ಶ್ವಾಸಕೋಶದ ಸುತ್ತ ಸೇರುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಕುತ್ತಿಗೆಯಲ್ಲಿ ಸೋರಿದರೆ ಬಹಳ ಸಲ ಗಾಯ ಬಿಚ್ಚಿ ಪಟ್ಟಿ ಕಟ್ಟುತ್ತಾ ಹೋದರೆ ಮುಚ್ಚಿಕೊಳ್ಳುತ್ತದೆ.

ಈ ಸೋರಿಕೆಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಸರ್ಜನ್ ಆದ ಹೊಸತು. ಗೋಕಾಕ ಕಡೆಯ ಒಬ್ಬ ಗೌಂಡಿ. ಎದೆಯಲ್ಲಿ ಜೋಡಿಸಿದ್ದೆ. ಐದು ದಿನ ಚೆನ್ನಾಗಿದ್ದ. ಆರನೇ ದಿನ ನಾಡಿ 120. ಜ್ವರ ಇಲ್ಲ, ನೋವಿಲ್ಲ. ಸಿಸ್ಟರ್ ಎರಡು ಸಲ ಹೇಳಿದರು. ನಾನು "ಹೆದರಿದ್ದಾನೆ, ಬಿಡಿ" ಎಂದೆ. ಮರುದಿನ ಬೆಳಿಗ್ಗೆ ಎದೆಯ ಪೈಪಿನಲ್ಲಿ ಹಸಿರು ನೀರು. ಐವತ್ತು ದಿನ ಹಾಸಿಗೆ ಹಿಡಿದ. ಬದುಕಿದ, ಅದು ಅವನ ಗಟ್ಟಿತನ. ಆಮೇಲೆ ಇಂಥ ರೋಗಿಯ ನಾಡಿ 110 ದಾಟಿದರೆ ನಾನು ಮನೆಗೆ ಹೋಗುತ್ತಿರಲಿಲ್ಲ. ಇದನ್ನು ಹೇಳಿದ್ದು ಯಾಕೆಂದರೆ, ಯಾವ ದಾರಿ ಎನ್ನುವುದಕ್ಕಿಂತ ಸೋರಿದ್ದನ್ನು ಬೇಗ ಹಿಡಿಯುವ ಕಣ್ಣು ಆ ಆಸ್ಪತ್ರೆಯಲ್ಲಿ ಇದೆಯೇ ಎನ್ನುವುದು ದೊಡ್ಡದು. ರಾತ್ರಿ ಎರಡಕ್ಕೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರಾ? ಎಂಡೋಸ್ಕೋಪಿ ಮಾಡುವವರು ಸಿಗುತ್ತಾರಾ? ಐಸಿಯುನಲ್ಲಿ ಯಾರು ಇರುತ್ತಾರೆ? ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತಾರೆ? ನೆದರ್ಲೆಂಡ್ಸ್‌ನಲ್ಲಿ ಒಂದು ಆಸ್ಪತ್ರೆ ವರ್ಷಕ್ಕೆ ಕನಿಷ್ಠ 20 ಮಾಡಲೇಬೇಕು ಎಂಬ ನಿಯಮವೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ಟ್ರ್ಯಾಕ್ಟರ್ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತೀರಿ.

ನನ್ನ ಮಾತು ಬೇಕೆಂದರೆ ಇದು. ಗಡ್ಡೆ ಕೆಳಗಿದೆ, ಜಾತಿ ಸ್ಕ್ವಾಮಸ್. ಊದುವ ಪರೀಕ್ಷೆಯಲ್ಲಿ ಶ್ವಾಸಕೋಶ ಪಾಸಾದರೆ ಎದೆಯ ದಾರಿ, ಎದೆಯಲ್ಲೇ ಜೋಡಣೆ. ದಿನನಿತ್ಯ ದುರ್ಬೀನಿನಲ್ಲಿ ಮಾಡುವ ಕೈ ಸಿಕ್ಕರೆ ದುರ್ಬೀನು. ಸಿಗದಿದ್ದರೆ, ತೆರೆದು ಚೆನ್ನಾಗಿ ಮಾಡುವವರೇ ಮೇಲು. ಗಡ್ಡೆ 25ರಲ್ಲಿ ಇದ್ದಿದ್ದರೆ ಕುತ್ತಿಗೆಯ ಜೋಡಣೆ ಎನ್ನುತ್ತಿದ್ದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು ಕೂರುವವರಾದರೆ ಸೋದರಮಾವನ ದಾರಿಯನ್ನೂ ಯೋಚಿಸಬೇಕಾಗುತ್ತದೆ. ರೋಗಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಕಾರಣ ಕೇಳಿ. ನಾನು ನೋಡಿರುವುದು ನಿಮ್ಮ ಪತ್ರ ಮಾತ್ರ.

ಕರೆಂಟ್ ಮುಗಿದ ಮೇಲೆ ಸಾಮಾನ್ಯವಾಗಿ ಆರೆಂಟು ವಾರ ಕಾಯುತ್ತಾರೆ. ಆ ಸಮಯವನ್ನು ಸುಮ್ನೆ ಕಳೆಯಬೇಡಿ. ಬೀಡಿ ಇವತ್ತೇ ನಿಲ್ಲಬೇಕು. ದಿನಾ ಹೊಲದ ಬದುವಿನ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆಸಿ. ಮೂರು ಚೆಂಡಿನ ಡಬ್ಬಿ ಕೊಟ್ಟಿರುತ್ತಾರೆ. ಹತ್ತರಲ್ಲಿ ಎಂಟು ಜನ ಅದನ್ನು ಊದುತ್ತಾರೆ. ಊದುವುದಲ್ಲ, ಉಸಿರನ್ನು ಒಳಗೆ ಎಳೆಯಬೇಕು. ತೂಕ ಇಳಿಯುತ್ತಿದ್ದರೆ ಪೈಪಿನ ಊಟಕ್ಕೆ ಹಿಂಜರಿಯಬೇಡಿ. ದುಡ್ಡಿನ ಚಿಂತೆ ಬರೆದಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲು ಕಾಣಿ. ಎಮ್ಮೆ ಮಾರುವುದು ಆಮೇಲೆ.

ಪ್ರಶ್ನೆ: ರೋಬೋಟ್‌ನಲ್ಲಿ ಅನ್ನನಾಳದ ಆಪರೇಷನ್ ಮಾಡಿಸಿದರೆ ಕ್ಯಾನ್ಸರ್ ಮತ್ತೆ ಬರುವುದಿಲ್ಲವಂತೆ, ಹೌದೇ?
(ಓದುಗರು, ಬಾಗಲಕೋಟೆ ನವನಗರ)

ಉತ್ತರ: ಹಾಗೆ ಯಾರೂ ತೋರಿಸಿಲ್ಲ. ರೋಬೋಟ್ ತಾನಾಗಿ ಏನೂ ಮಾಡದು. ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈ ಆಡಿಸುತ್ತಾರೆ. ತೆರೆದು ಮಾಡುವುದಕ್ಕೆ ಹೋಲಿಸಿದಾಗ ತೊಂದರೆ ಕಡಿಮೆ ಆಗಿದ್ದು ನಿಜ. 112 ಜನರ ಡಚ್ ಅಧ್ಯಯನದಲ್ಲಿ 100ಕ್ಕೆ 80 ಇದ್ದದ್ದು 59 ಆಯಿತು. ಆದರೆ ಅದು ತೆರೆದ ಆಪರೇಷನ್ ಜೊತೆಗಿನ ಹೋಲಿಕೆ. ಸಾದಾ ದುರ್ಬೀನಿನ ಜೊತೆ ಚೀನಾದಲ್ಲಿ ಹೋಲಿಸಿದಾಗ ಸಮಯ ಸ್ವಲ್ಪ ಉಳಿಯಿತು, ತೊಂದರೆಗಳು ಹೆಚ್ಚುಕಡಿಮೆ ಒಂದೇ. ಬಿಲ್ ಮಾತ್ರ ಒಂದೇ ಇರುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಅನ್ನನಾಳದ ಆಪರೇಷನ್ ಆಗಿ ಮೂರು ತಿಂಗಳಾಯಿತು. ಊಟ ಮಾಡಿದ ಅರ್ಧ ಗಂಟೆಯಲ್ಲಿ ಮೈ ಬೆವರುತ್ತದೆ, ಎದೆ ಡವಡವ ಎನ್ನುತ್ತದೆ, ಮಲಗಿಬಿಡುತ್ತಾರೆ. ರಾತ್ರಿ ಬಾಯಿಗೆ ಹುಳಿನೀರು ಬರುತ್ತದೆ. ಧ್ವನಿ ಬಿದ್ದಿದೆ. 9 ಕಿಲೋ ಇಳಿದಿದ್ದಾರೆ. ಆಪರೇಷನ್ ಕೆಟ್ಟಿದೆಯೇ?
(ಓದುಗರು, ಸಿಂದಗಿ)

ಉತ್ತರ: ಇಲ್ಲ ಅಕ್ಕಾರ. ನೀವು ಬರೆದ ಲಕ್ಷಣಗಳು ಈ ಆಪರೇಷನ್ ಆದ ಬಹಳ ಜನರಲ್ಲಿ ಕಾಣುತ್ತವೆ. ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ ಎನ್ನುವುದೇ ಬೇಸರ. ಅವರ ಜಠರ ಈಗ ಚೀಲವಲ್ಲ, ಕೊಳವೆ. ತಿಂದದ್ದು ನಿಲ್ಲದೇ ಸಣ್ಣ ಕರುಳಿಗೆ ಸುರಿಯುತ್ತದೆ. ಸಿಹಿ ಇದ್ದರಂತೂ ಕರುಳು ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಬೆವರು, ಡವಡವ ಬರುವುದು ಅದಕ್ಕೇ. ಇದನ್ನು ಡಂಪಿಂಗ್ ಎನ್ನುತ್ತಾರೆ. ಅವರು ಊಟದ ಜೊತೆ ಸಕ್ಕರೆ ಹಾಕಿದ ಚಹಾ ಕುಡಿಯುತ್ತಾರೆಯೇ? ನನ್ನ ಅನುಮಾನ ಮೊದಲು ಅದರ ಮೇಲೆ.

ಮೂರು ಹೊತ್ತಿನ ಊಟ ಇನ್ನು ಮರೆತುಬಿಡಿ. ದಿನಕ್ಕೆ ಆರೇಳು ಸಲ, ಒಂದು ಬಟ್ಟಲು. ಮೆತ್ತಗಿನ ಅನ್ನ, ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಕಡಕ್ ರೊಟ್ಟಿ ಸದ್ಯ ಬೇಡ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಅಗಿದು ಅಗಿದು ತಿನ್ನಲಿ. ಶೇಂಗಾ ಹಿಂಡಿ ಮೊಸರಿನಲ್ಲಿ ಕಲಸಿ ಕೊಡಿ, ಶಕ್ತಿ ಬರುತ್ತದೆ. ಹೋಳಿಗೆ, ಕರದಂಟು ದೂರ. ನೀರು ಮಜ್ಜಿಗೆಯನ್ನು ಊಟದ ಜೊತೆ ಕೊಡದೆ, ಅರ್ಧ ಗಂಟೆ ಬಿಟ್ಟು ಕೊಡಿ. "ಅಂಬಲಿ ಕುಡೀರಿ, ಲಗೂ ಇಳೀತೈತಿ" ಎಂದು ಎಲ್ಲರೂ ಹೇಳುತ್ತಾರೆ. ಬೇಗ ಇಳಿಯುವುದೇ ತೊಂದರೆ, ನೋಡಿ. ಅಂಬಲಿಯನ್ನು ಊಟಗಳ ನಡುವೆ ಗುಟುಕು ಗುಟುಕಾಗಿ ಕೊಡಿ.

ಹುಳಿನೀರಿಗೆ ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಬರೀ ದಿಂಬು ಏರಿಸಿದರೆ ಸಾಲದು, ಹೊಟ್ಟೆ ಮಡಚುತ್ತದೆ. ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಯಲಿ. ಹುಳಿನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಹಾಗಾಗಿ ಹಗುರವಾಗಿ ತೆಗೆದುಕೊಳ್ಳಬೇಡಿ. ಧ್ವನಿಯ ನರ ನೊಂದಿರಬೇಕು. ಎಷ್ಟೋ ಸಲ ಕೆಲವು ತಿಂಗಳಲ್ಲಿ ಮರಳುತ್ತದೆ. ಕಿವಿ ಮೂಗು ಗಂಟಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಗಲ್ಲ ಎದೆಗೆ ತಾಗಿಸಿ ನುಂಗಲಿ. ತುತ್ತು ಮತ್ತೆ ಸಿಗತೊಡಗಿದರೆ ಕ್ಯಾನ್ಸರ್ ತಿರುಗಿ ಬಂತು ಎಂದು ಅಳುತ್ತಾ ಕೂರಬೇಡಿ. ಬಹಳ ಸಲ ಅದು ಜೋಡಿಸಿದ ಜಾಗ ಬಿಗಿಯಾದದ್ದು. ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಆದರೆ ತಡ ಮಾಡದೇ ತೋರಿಸಿ.

ಪ್ರಶ್ನೆ: ನನ್ನ ತಾಯಿಗೆ 72. ಐವತ್ತು ವರ್ಷ ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚಿದವರು. ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರ್‌ಗೆ ಕರೆಂಟ್, ಕಿಮೋ ಆದ ಮೇಲೆ ದುರ್ಬೀನ್ ಹಾಕಿದರೆ ಗಡ್ಡೆಯೇ ಇಲ್ಲ. ಈಗ ಇಡ್ಲಿ, ಚಪಾತಿ ಎಲ್ಲ ತಿನ್ನುತ್ತಾರೆ. ಆದರೂ ಆಪರೇಷನ್ ಮಾಡಿಸಿ ಎನ್ನುತ್ತಾರೆ. ಇಲ್ಲದ ಗಡ್ಡೆಗೆ ಆಪರೇಷನ್ ಯಾಕೆ?
(ಓದುಗರು, ಬೆಳಗಾವಿ)

ಉತ್ತರ: ಪ್ರಶ್ನೆ ಸರಿಯಾಗಿದೆ. ದೊಡ್ಡ ಸರ್ಜನ್‌ಗಳೂ ಇದನ್ನೇ ಕೇಳಿಕೊಂಡಿದ್ದಾರೆ. ಐದು ವಾರ ಕರೆಂಟ್ ಮತ್ತು ಕಿಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುವ ಪದ್ಧತಿಗೆ ಬಲ ಕೊಟ್ಟದ್ದು 2012ರ ಒಂದು ಡಚ್ ಅಧ್ಯಯನ. ಅದರಲ್ಲಿ ತೆಗೆದ ಅನ್ನನಾಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸ್ಕ್ವಾಮಸ್ ರೋಗಿಗಳಲ್ಲಿ ಅರ್ಧದಷ್ಟು ಜನರಲ್ಲಿ ಕ್ಯಾನ್ಸರ್ ಒಂದು ಕಣವೂ ಉಳಿದಿರಲಿಲ್ಲ. ಅಂದರೆ ಉಳಿದ ಅರ್ಧ ಜನರಲ್ಲಿ ಉಳಿದಿತ್ತು. ಮೇಲಿನ ಪದರ ವಾಸಿಯಾದಂತೆ ಕಂಡರೂ ಕೆಳಗಿನ ಪದರದಲ್ಲಿ ಬೀಜ ಇರಬಹುದು. ನಿಮ್ಮ ಡಾಕ್ಟರ ಭಯ ಇದೇ.

ಹಾಗೆಂದು ಕಾಯುವುದು ತಪ್ಪೇ? ನೆದರ್ಲೆಂಡ್ಸ್‌ನಲ್ಲಿ ಇಂಥವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮಾಡಿದರು, ಇನ್ನೊಂದನ್ನು ಕಣ್ಣಿಟ್ಟು ಕಾಯ್ದರು. ಫಲಿತಾಂಶ 2025ರಲ್ಲಿ ಬಂತು. ಎರಡು ವರ್ಷಕ್ಕೆ ಬದುಕಿದ್ದವರು 100ಕ್ಕೆ 71 ಮತ್ತು 74, ಅಂದರೆ ಕಾಯ್ದವರು ಹಿಂದೆ ಬೀಳಲಿಲ್ಲ. ಆದರೆ ಕಾಯ್ದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬಂತು, ಆಗ ಆಪರೇಷನ್ ಮಾತು ಬಂತು. ಮತ್ತೆ, ಅವರು ಕಾಯ್ದದ್ದು ಮನೆಯಲ್ಲಿ ಕೂತಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ದುರ್ಬೀನು, ಒಂದೇ ಜಾಗದಲ್ಲಿ ಎರಡೆರಡು ಸಲ ಚಿವುಟಿ ತುಣುಕು, ಸ್ಕ್ಯಾನ್. ಒಂದು ತಾರೀಖೂ ತಪ್ಪುವಂತಿಲ್ಲ. ಊರಲ್ಲಿ ಜಾತ್ರೆ ಇದೆ, ಮದುವೆ ಇದೆ, ಮುಂದಿನ ತಿಂಗಳು ನೋಡೋಣ ಎನ್ನುವ ಮನೆ ನಿಮ್ಮದಾದರೆ ಈ ದಾರಿ ಬೇಡ.

72ರಲ್ಲಿ ಆಪರೇಷನ್ ಆಗುವುದೇ ಇಲ್ಲ ಎಂದೇನಿಲ್ಲ. ಚುರುಕಾಗಿ ಓಡಾಡುವವರು ತಡೆದುಕೊಳ್ಳುತ್ತಾರೆ. ಅವರ ಹೃದಯ, ಶ್ವಾಸಕೋಶದ ರಿಪೋರ್ಟ್ ನೀವು ಕಳಿಸಿಲ್ಲ. ಮಿಶ್ರಿ ಬಿಟ್ಟಿದ್ದಾರೋ ಇಲ್ಲವೋ ಬರೆದಿಲ್ಲ. ಇನ್ನೊಂದೂ ಬರೆದಿಲ್ಲ. ಎರಡು ಪುಟದ ಪತ್ರದಲ್ಲಿ ಅಣ್ಣ ಏನಂದ, ಅತ್ತಿಗೆ ಏನಂದರು, ಎಲ್ಲ ಇದೆ. ತಾಯಿಗೆ ಏನು ಬೇಕು ಅಂತ ಎಲ್ಲೂ ಇಲ್ಲ. ಎರಡೂ ದಾರಿ ಅವರಿಗೇ ಬಿಡಿಸಿ ಹೇಳಿ, ಅವರು ಏನೆಂದರು ಎಂದು ಕೇಳಿಕೊಂಡು, ರಿಪೋರ್ಟ್ ಜೊತೆ ಇನ್ನೊಮ್ಮೆ ಬರೆಯಿರಿ.